ಕೈಯಲ್ಲೇ ಮಾಡುವ ಕ್ರಿಸ್‌ಮಸ್ ಕಾರ್ಡ್: ಮೊದಲು ಲಕೋಟೆ ಆರಿಸಿ, ಆಮೇಲೆ ಕಾರ್ಡ್

ಮೊದಲ ಸಲ ಕ್ರಿಸ್‌ಮಸ್ ಕಾರ್ಡ್‌ಗಳನ್ನು ನಾನೇ ಮಾಡಿದ ವರ್ಷ, ಹದಿನೆಂಟು ಕಾರ್ಡ್ ಮುಗಿಸಿ ಮೇಜಿನ ಮೇಲೆ ಒಣಗಲು ಹರಡಿದ ಮೇಲೆ ಲಕೋಟೆಯ ನೆನಪಾಯಿತು. ಕಣ್ಣಿಗೆ ಚೆನ್ನಾಗಿ ಕಂಡ ಅಳತೆಗೆ ಕತ್ತರಿಸಿದ್ದೆ: 17 ಸೆಂ.ಮೀ. ಉದ್ದ, 13 ಸೆಂ.ಮೀ. ಅಗಲ. ಸಿಕ್ಕ ಲಕೋಟೆಗಳಲ್ಲಿ ಒಂದಕ್ಕೆ ಅದು ತೂರಲೇ ಇಲ್ಲ. ಇನ್ನೊಂದರಲ್ಲಿ ಅತ್ತಿಂದಿತ್ತ ಜಾರಾಡಿತು. ಕೊನೆಗೆ ಕಾರ್ಡ್‌ಗಳ ಅಂಚು ಕತ್ತರಿಸಿದೆ. ಬಿಡಿಸಿದ್ದ ನಕ್ಷತ್ರಗಳ ಒಂದೊಂದು ಮೂಲೆಯೂ ಅದರ ಜೊತೆ ಹೋಯಿತು.

ಅಂದಿನಿಂದ ನಾನು ಲಕೋಟೆಯಿಂದಲೇ ಶುರು ಮಾಡುತ್ತೇನೆ. ಲಕೋಟೆ ಯಾವುದು ಎಂದು ಗೊತ್ತಾದರೆ ಕಾರ್ಡಿನ ಅಳತೆ ಗೊತ್ತಾಗುತ್ತದೆ. ಅದು ಎಷ್ಟು ದಪ್ಪ ಇರಬಹುದು, ಮೇಲೆ ಏನೇನು ಅಂಟಿಸಬಹುದು ಎನ್ನುವುದೂ ಅಲ್ಲೇ ತೀರ್ಮಾನವಾಗುತ್ತದೆ. ಹಾಗಾಗಿ ಹಾಳೆ ಕತ್ತರಿಸುವ ಮೊದಲು ಎರಡು ವಿಷಯ ಯೋಚಿಸಿ. ಎಷ್ಟು ಕಾರ್ಡ್ ಬೇಕು? ಕೈಗೆ ಕೊಡುತ್ತೀರಾ, ಅಂಚೆಗೆ ಹಾಕುತ್ತೀರಾ? ಐದು ಕಾರ್ಡ್ ಕೈಗೆ ಕೊಡುವವರಿಗೂ ನಲವತ್ತು ಕಾರ್ಡ್ ಅಂಚೆಗೆ ಹಾಕುವವರಿಗೂ ಒಂದೇ ದಾರಿ ಹೊಂದುವುದಿಲ್ಲ.

ಅಳತೆ: ಮಡಚಿದ ಎ6, ಚೌಕ, ಉದ್ದನೆಯದು

ಎ4 ಹಾಳೆ 21 ಸೆಂ.ಮೀ. ಅಗಲ, 29.7 ಸೆಂ.ಮೀ. ಉದ್ದ. ಅದನ್ನು ಅಡ್ಡಕ್ಕೆ ಎರಡು ಭಾಗ ಮಾಡಿ, ಒಂದೊಂದನ್ನೂ ಮಧ್ಯಕ್ಕೆ ಮಡಚಿದರೆ 10.5 × 14.8 ಸೆಂ.ಮೀ. ಕಾರ್ಡ್ ಬರುತ್ತದೆ. ಇದೇ ಎ6. ಒಂದು ಹಾಳೆಗೆ ಎರಡು ಕಾರ್ಡ್, ಒಂದು ಚೂರೂ ಪೋಲಾಗುವುದಿಲ್ಲ. ಇದಕ್ಕೆಂದೇ ಇರುವ ಸಿದ್ಧ ಲಕೋಟೆ ಸಿ6, ಅಳತೆ 11.4 × 16.2 ಸೆಂ.ಮೀ. ಸುತ್ತಲೂ ಸ್ವಲ್ಪ ಜಾಗ ಉಳಿಯುತ್ತದೆ. ಎರಡು ಮಿಲಿಮೀಟರ್ ಎತ್ತರದ ಅಲಂಕಾರ ಇದ್ದರೂ ಕಾರ್ಡ್ ಸುಲಭವಾಗಿ ಒಳಗೆ ಹೋಗುತ್ತದೆ.

ಚೌಕ ಕಾರ್ಡ್ ನೋಡಲು ಚೆಂದ. ನಕ್ಷತ್ರ, ಹಸಿರು ಎಲೆಯ ಬಳೆ, ಹಿಮದ ಹರಳು ಇಂಥ ದುಂಡನೆಯ ಚಿತ್ರಗಳು ಅದರಲ್ಲಿ ಸರಿಯಾಗಿ ಕೂರುತ್ತವೆ. ಆದರೆ ಹಾಳೆ ಜಾಸ್ತಿ ತಿನ್ನುತ್ತದೆ. 13 ಸೆಂ.ಮೀ. ಚೌಕಕ್ಕೆ 26 × 13 ತುಂಡು ಬೇಕು. ಒಂದು ಎ4ನಲ್ಲಿ ಒಂದೇ ಕಾರ್ಡ್, ಪಕ್ಕದಲ್ಲಿ 8 ಸೆಂ.ಮೀ. ಪಟ್ಟಿ ಉಳಿಯುತ್ತದೆ. ಅಂಚೆಯ ಮಾತೂ ಇದೆ. ಪತ್ರ ವಿಂಗಡಿಸುವ ಯಂತ್ರಗಳನ್ನು ಉದ್ದನೆಯ ಲಕೋಟೆಗಳಿಗೆ ತಕ್ಕಂತೆ ಮಾಡಿರುತ್ತಾರೆ. ಅಮೆರಿಕದ ಅಂಚೆಯಲ್ಲಿ ಲಕೋಟೆಯ ಉದ್ದ ಎತ್ತರದ 1.3ರಿಂದ 2.5 ಪಟ್ಟಿನೊಳಗೆ ಇರಬೇಕು. ಇಲ್ಲದಿದ್ದರೆ ಹೆಚ್ಚು ಶುಲ್ಕ. ಚೌಕದಲ್ಲಿ ಈ ಲೆಕ್ಕ 1, ಸಿ6ನಲ್ಲಿ ಸುಮಾರು 1.4. ಹಾಗಾಗಿ ಕೈಗೆ ಕೊಡುವ ಕಾರ್ಡ್ ಆದರೆ ಧೈರ್ಯವಾಗಿ ಚೌಕ ಮಾಡಿ. ಅಂಚೆಗೆ ಹಾಕುವುದಾದರೆ ಮೊದಲು ನಿಮ್ಮ ಅಂಚೆಯ ನಿಯಮ ನೋಡಿಕೊಳ್ಳಿ.

ಮೂರನೆಯದು 9.9 × 21 ಸೆಂ.ಮೀ.ನ ಉದ್ದ ಕಾರ್ಡ್. ಇದು 11 × 22 ಸೆಂ.ಮೀ.ನ ಡಿಎಲ್ ಲಕೋಟೆಗೆ ಹೋಗುತ್ತದೆ. ಎತ್ತರದ ಮರಕ್ಕೆ, ಮೇಣದ ಬತ್ತಿಗೆ ಹೇಳಿ ಮಾಡಿಸಿದ ಆಕಾರ. ಎ4 ಹಾಳೆಯನ್ನು ಮೂರು ಪಾಲು ಮಾಡಿದರೆ ಮಡಿಕೆ ಇಲ್ಲದ ಮೂರು ಕಾರ್ಡ್ ಸಿಗುತ್ತವೆ. ಹಿಂದೆ ಬರೆದರೆ ಆಯಿತು.

ಯಾವುದೆಂದು ಗೊಂದಲವಾದರೆ ಎ6 ಆರಿಸಿ. ಇದಕ್ಕೆ ಇನ್ನೊಂದು ಕಾರಣವಿದೆ.

ಹಾಳೆ ಮತ್ತು ಮಡಿಕೆ

ಕಾಗದಕ್ಕೆ ನಾರಿನ ದಿಕ್ಕು ಇರುತ್ತದೆ. ಹಾಳೆಯನ್ನು ಮಡಚದೆ ಎರಡೂ ಕಡೆಯಿಂದ ಮೆಲ್ಲಗೆ ಬಗ್ಗಿಸಿ ನೋಡಿ. ಒಂದು ದಿಕ್ಕಿನಲ್ಲಿ ಸುಲಭವಾಗಿ ಬಾಗುತ್ತದೆ, ಇನ್ನೊಂದು ದಿಕ್ಕಿನಲ್ಲಿ ಬಿಗಿಯಾಗಿ ನಿಲ್ಲುತ್ತದೆ. ಸುಲಭವಾಗಿ ಬಾಗಿದ ಕಡೆ ಮಡಿಕೆ ನಾರಿನ ಜೊತೆಗೇ ಸಾಗುತ್ತದೆ. ಅಲ್ಲಿ ಮಡಚಿದರೆ ಗೆರೆ ನುಣುಪಾಗಿ ಬರುತ್ತದೆ. ನಾರಿಗೆ ಅಡ್ಡ ಮಡಚಿದರೆ ದಪ್ಪ ಹಾಳೆಯ ಮಡಿಕೆ ಬಿರುಕು ಬಿಡುತ್ತದೆ. ಬಣ್ಣದ ಹಾಳೆಯಲ್ಲಿ ಆ ಬಿರುಕು ಬೆಳ್ಳಗೆ ಎದ್ದು ಕಾಣುತ್ತದೆ.

ಬಹುತೇಕ ಎ4 ಹಾಳೆಗಳಲ್ಲಿ ನಾರು ಉದ್ದಕ್ಕೆ ಹೋಗುತ್ತದೆ. ಎ4ನ್ನು ಎರಡು ಭಾಗ ಮಾಡಿ ಎ6ಗೆ ಮಡಚಿದಾಗ ಮಡಿಕೆಯೂ ಅದೇ ಉದ್ದದ ದಿಕ್ಕಿನಲ್ಲಿ ಬೀಳುತ್ತದೆ. ಇಡೀ ಎ4ನ್ನು ಒಂದೇ ಸಲ ಮಡಚಿ ದೊಡ್ಡ ಕಾರ್ಡ್ ಮಾಡಿದರೆ ಮಡಿಕೆ ನಾರಿಗೆ ಅಡ್ಡ ಬರುತ್ತದೆ. ಒಂದೇ ಕಟ್ಟಿನ ಹಾಳೆಯಲ್ಲಿ ಚಿಕ್ಕ ಕಾರ್ಡ್ ಅಚ್ಚುಕಟ್ಟಾಗಿ, ದೊಡ್ಡ ಕಾರ್ಡ್ ಒರಟಾಗಿ ಬಂದರೆ ಬಹುಪಾಲು ಇದೇ ಕಾರಣ.

ದಪ್ಪವನ್ನು ಜಿಎಸ್‌ಎಂನಲ್ಲಿ ಹೇಳುತ್ತಾರೆ, ಅಂದರೆ ಒಂದು ಚದರ ಮೀಟರ್ ಹಾಳೆಯ ತೂಕ, ಗ್ರಾಂನಲ್ಲಿ. ಪ್ರಿಂಟರ್‌ಗೆ ಹಾಕುವ ಹಾಳೆ 80. ಅದು ಕಾರ್ಡ್ ಆಗಿ ನಿಲ್ಲುವುದಿಲ್ಲ, ಮೆತ್ತಗೆ ಕುಸಿಯುತ್ತದೆ. 160 ನಿಲ್ಲುತ್ತದೆ, ಆದರೆ ಮೇಲೆ ಏನಾದರೂ ಅಂಟಿಸಿದರೆ ಮುಂದಕ್ಕೆ ಬಾಗುತ್ತದೆ. 220ರಿಂದ 250ರ ಒಳಗಿನದು ನನ್ನ ಆಯ್ಕೆ. 300 ಗಟ್ಟಿಮುಟ್ಟು, ಆದರೆ ಗೆರೆ ಎಳೆಯದೆ ಮಡಚಲು ಬರುವುದಿಲ್ಲ. ತೂಕದ ಲೆಕ್ಕವೂ ಸುಲಭ. ಎ4 ಹಾಳೆ ಒಂದು ಚದರ ಮೀಟರಿನ ಹದಿನಾರನೇ ಒಂದು ಪಾಲು. 240 ಜಿಎಸ್‌ಎಂ ಎ4 ಹಾಳೆ 15 ಗ್ರಾಂ ತೂಗಿದರೆ ಅದರ ಅರ್ಧದಿಂದ ಆದ ಎ6 ಕಾರ್ಡ್ 7.5 ಗ್ರಾಂ. ಲಕೋಟೆ ನಾಲ್ಕೈದು ಗ್ರಾಂ. ಎರಡೂ ಸೇರಿ 12 ಗ್ರಾಂ ಆಸುಪಾಸು.

ಮಡಚುವ ಮೊದಲು ಸ್ಕೇಲ್ ಇಟ್ಟು, ಇಂಕು ಮುಗಿದ ಬಾಲ್‌ಪೆನ್ನಿನಿಂದ ಒತ್ತಿ ಗೆರೆ ಎಳೆಯಿರಿ. ಒಂದು ಕಡೆ ತಗ್ಗು, ಹಿಂದೆ ಸಣ್ಣ ಉಬ್ಬು ಬರುತ್ತದೆ. ಉಬ್ಬು ಕಾರ್ಡಿನ ಒಳಗೆ ಬರುವಂತೆ ಮಡಚಿ. ತಗ್ಗು ಒಳಗಿರಬೇಕು ಅನ್ನಿಸುತ್ತದೆ, ನಾನೂ ತುಂಬಾ ದಿನ ಹಾಗೇ ಮಡಚುತ್ತಿದ್ದೆ. ಉಬ್ಬು ಒಳಗಿದ್ದರೆ ಹೊರಗಿನ ನಾರು ಕಡಿಮೆ ಎಳೆದಾಡುತ್ತದೆ. ಅದಕ್ಕೇ ಗೆರೆ ಒಡೆಯುವುದಿಲ್ಲ.

ಮೇಲಿನ ಅಲಂಕಾರ: ಅಚ್ಚು, ಚೂರುಕಾಗದ, ಜಲವರ್ಣ, ಏಳುವ ಕಾರ್ಡ್, ಹೊಲಿಗೆ

ಇಪ್ಪತ್ತಕ್ಕಿಂತ ಹೆಚ್ಚು ಕಾರ್ಡ್ ಬೇಕಾದರೆ ಅಚ್ಚು ಹಾಕುವುದೇ ಸರಿ. ಪೆನ್ಸಿಲ್ ಅಳಿಸುವ ರಬ್ಬರ್ ಸಾಕು. ಟ್ರೇಸಿಂಗ್ ಪೇಪರ್ ಮೇಲೆ ಮೆತ್ತನೆಯ ಪೆನ್ಸಿಲ್‌ನಲ್ಲಿ ಚಿತ್ರ ಬಿಡಿಸಿ. ಅದನ್ನು ಬೋರಲು ಹಾಕಿ ರಬ್ಬರ್ ಮೇಲೆ ಇಟ್ಟು ಉಗುರಿನಿಂದ ಉಜ್ಜಿ. ಚಿತ್ರ ತಿರುವುಮುರುವಾಗಿ ರಬ್ಬರಿಗೆ ಇಳಿಯುತ್ತದೆ. ಅಚ್ಚು ಒತ್ತಿದಾಗ ಮತ್ತೆ ಸರಿಯಾಗುತ್ತದೆ. ಅಕ್ಷರಗಳಿದ್ದರೂ ಇದೇ ಉಪಾಯ ನಡೆಯುತ್ತದೆ. ಗೆರೆಯ ಆಚೀಚಿನ ಭಾಗವನ್ನು ಸಣ್ಣ ಬ್ಲೇಡಿನಿಂದ ಕೆತ್ತಿ ತೆಗೆಯಿರಿ. ಒಂದು ಅಚ್ಚು ಕೆತ್ತಲು ನನಗೆ ಒಂದು ಸಂಜೆ ಹಿಡಿಯುತ್ತದೆ. ಆಮೇಲೆ ಮೂವತ್ತು ಕಾರ್ಡ್ ಒತ್ತುವುದಕ್ಕೆ ಅರ್ಧ ಗಂಟೆ ಸಾಕು. ಮೊದಲ ಅಚ್ಚಿಗೆ ಸಣ್ಣ ಹಕ್ಕಿಯನ್ನು ಆರಿಸಿಕೊಳ್ಳಿ. ಕ್ರಿಸ್‌ಮಸ್ ಕಾರ್ಡಿನಲ್ಲಿ ಕೆಂಪೆದೆಯ ರಾಬಿನ್ ಹಕ್ಕಿ ಬಂದದ್ದರ ಹಿಂದೆ ಅಂಚೆಯವರೇ ಇದ್ದಾರೆ ಎನ್ನುತ್ತಾರೆ. ವಿಕ್ಟೋರಿಯಾ ಕಾಲದ ಇಂಗ್ಲೆಂಡಿನಲ್ಲಿ ಅಂಚೆಯವರು ಕೆಂಪು ಕೋಟು ತೊಡುತ್ತಿದ್ದರು. ಜನ ಅವರನ್ನು ರಾಬಿನ್ ಎಂದೇ ಕರೆಯುತ್ತಿದ್ದರು. ಕೊಕ್ಕಿನಲ್ಲಿ ಪತ್ರ ಹಿಡಿದ ಹಕ್ಕಿಯ ಚಿತ್ರ ಲಕೋಟೆಗೂ ಚೆನ್ನಾಗಿ ಒಪ್ಪುತ್ತದೆ, ಅಲ್ವಾ?

ಬರೀ ಅಚ್ಚು ಸಪ್ಪೆ ಅನ್ನಿಸಿದರೆ ಗೆರೆಯನ್ನು ಅಚ್ಚಿನಿಂದ ಒತ್ತಿ, ಬಣ್ಣವನ್ನು ಕೈಯಿಂದ ತುಂಬಿ. ಮಾರಾಟಕ್ಕೆ ಬಂದ ಮೊದಲ ಕ್ರಿಸ್‌ಮಸ್ ಕಾರ್ಡ್ ಹುಟ್ಟಿದ್ದು ಹೀಗೆಯೇ. 1843ರಲ್ಲಿ ಲಂಡನ್ನಿನ ಹೆನ್ರಿ ಕೋಲ್ ಅವರಿಗೆ ಹಬ್ಬದ ಪತ್ರಗಳಿಗೆಲ್ಲ ಒಂದೊಂದಾಗಿ ಉತ್ತರ ಬರೆಯಲು ಪುರುಸೊತ್ತು ಇರಲಿಲ್ಲ. ಜಾನ್ ಕ್ಯಾಲ್ಕಾಟ್ ಹಾರ್ಸ್ಲಿ ಎಂಬ ಚಿತ್ರಕಾರರಿಂದ ಒಂದು ಚಿತ್ರ ಬರೆಸಿದರು. ಕಲ್ಲಚ್ಚಿನಲ್ಲಿ ಸುಮಾರು 1000 ಪ್ರತಿ ಮುದ್ರಿಸಿ, ಬಣ್ಣವನ್ನು ಕೈಯಿಂದ ತುಂಬಿಸಿದರು. ಕಾರ್ಡ್ ಯಾರಿಗೆ, ಯಾರಿಂದ ಎಂದು ಬರೆಯಲು ಜಾಗ ಬಿಟ್ಟಿದ್ದರು. ಒಂದು ಶಿಲಿಂಗ್‌ಗೆ ಒಂದರಂತೆ ಮಾರಿದರು. ಕಾರ್ಡ್ ಜಾಸ್ತಿ ಬೇಕು, ಕೈಯ ಗುರುತೂ ಇರಬೇಕು ಎನ್ನುವವರಿಗೆ ಇವತ್ತಿಗೂ ಇದಕ್ಕಿಂತ ಒಳ್ಳೆಯ ದಾರಿ ನನಗೆ ಕಂಡಿಲ್ಲ. ಒಂದೇ ಎಚ್ಚರ: ಅಚ್ಚಿನ ಶಾಯಿ ನೀರಿಗೆ ಕರಗದ್ದಾಗಿರಲಿ. ಇಲ್ಲದಿದ್ದರೆ ಮೇಲೆ ಜಲವರ್ಣ ಹಚ್ಚಿದ ಕೂಡಲೇ ಗೆರೆ ಹರಡಿಕೊಳ್ಳುತ್ತದೆ. ಮೊದಲು ಒಂದು ಚೂರು ಹಾಳೆಯಲ್ಲಿ ಒತ್ತಿ, ಒಣಗಿಸಿ, ಒದ್ದೆ ಬ್ರಷ್ ಎಳೆದು ನೋಡಿ.

ಚಿತ್ರ ಬಿಡಿಸಲು ಬರುವುದಿಲ್ಲ ಎನ್ನುವವರಿಗೆ ಚೂರುಕಾಗದ. ಉಡುಗೊರೆ ಸುತ್ತಿದ ಕಾಗದ, ಹಳೆಯ ನಕಾಶೆ, ಪತ್ರಿಕೆಯ ಬಣ್ಣದ ಪುಟ ಯಾವುದಾದರೂ ಆಗುತ್ತದೆ. ಒಂದು ಸೆಂ.ಮೀ. ಅಗಲದ ಪಟ್ಟಿಗಳನ್ನು ಕೆಳಗೆ ಉದ್ದ, ಮೇಲಕ್ಕೆ ಹೋದಂತೆ ಗಿಡ್ಡ ಮಾಡುತ್ತಾ ಅಂಟಿಸಿದರೆ ಮರವಾಗುತ್ತದೆ. ಮಕ್ಕಳ ಜೊತೆ ಕೂತು ಮಾಡಲು ಇದಕ್ಕಿಂತ ಒಳ್ಳೆಯದಿಲ್ಲ. ಒಂದು ಪಟ್ಟಿ ಸೊಟ್ಟಗಾದರೂ ಮರ ಮರದ ಹಾಗೇ ಕಾಣುತ್ತದೆ. ಉಳಿದ ಚೂರುಗಳು ಲಕೋಟೆಗೆ ಆಗುತ್ತವೆ. ಕಾರ್ಡಿಗೂ ಲಕೋಟೆಗೂ ಜೋಡಿ ತಾನಾಗಿಯೇ ಕೂಡಿಬರುತ್ತದೆ.

ಜಲವರ್ಣದ ಕಾರ್ಡ್ ಒಂದೊಂದೂ ಬೇರೆ ಬೇರೆ. ಪಡೆದವರು ವರ್ಷಗಟ್ಟಲೆ ಎತ್ತಿಟ್ಟುಕೊಳ್ಳುತ್ತಾರೆ. ಆದರೆ ಸಾಮಾನ್ಯ ಕಾರ್ಡ್ ಹಾಳೆ ನೀರು ಬಿದ್ದರೆ ಅಲೆಅಲೆಯಾಗಿ ಏಳುತ್ತದೆ. ಜಲವರ್ಣಕ್ಕೆಂದೇ ಮಾಡಿದ 300 ಜಿಎಸ್‌ಎಂ ಹಾಳೆ ಬೇಕು. ಅದನ್ನೇ ಕಾರ್ಡ್ ಮಾಡಿ ಮಡಚುವ ಬದಲು 9 × 13.3 ಸೆಂ.ಮೀ. ತುಂಡುಗಳ ಮೇಲೆ ಬಿಡಿಸಿ. ಒಣಗಿದ ಮೇಲೆ ಒಂದು ರಾತ್ರಿ ದಪ್ಪ ಪುಸ್ತಕಗಳ ಕೆಳಗೆ ಇಟ್ಟು, ಆಮೇಲೆ ಎ6 ಕಾರ್ಡಿಗೆ ಅಂಟಿಸಿ. ಸುತ್ತಲೂ ಮುಕ್ಕಾಲು ಸೆಂ.ಮೀ. ಅಂಚು ಚೌಕಟ್ಟಿನಂತೆ ಕಾಣುತ್ತದೆ. ಒಂದು ಚಿತ್ರ ಕೆಟ್ಟರೆ ಆ ತುಂಡು ಮಾತ್ರ ಹೋಗುತ್ತದೆ, ಕಾರ್ಡ್ ಉಳಿಯುತ್ತದೆ.

ತೆರೆದಾಗ ಒಳಗಿಂದ ಏನೋ ಏಳುವ ಕಾರ್ಡ್ ಮಕ್ಕಳಿಗೆ ಬಲು ಇಷ್ಟ. ಹೊರಗೆ ಪೂರ್ತಿ ಚಪ್ಪಟೆಯಾಗಿರುವುದರಿಂದ ಅಂಚೆಗೂ ತೊಂದರೆ ಇಲ್ಲ. ಎರಡನೆಯ ಗುಣವನ್ನು ತುಂಬಾ ಜನ ಗಮನಿಸುವುದಿಲ್ಲ. ಎ6 ಕಾರ್ಡಿನೊಳಗೆ ಕೂರುವ 120ರಿಂದ 160 ಜಿಎಸ್‌ಎಂನ ಹಾಳೆಯನ್ನು ಮಡಚಿ, ಮಡಿಕೆಯ ಕಡೆಯಿಂದ ಎರಡು ಸಮ ಸೀಳು ಹಾಕಿ. ನಡುವಿನ ಪಟ್ಟಿಯನ್ನು ಒಳಕ್ಕೆ ತಳ್ಳಿದರೆ ಮೆಟ್ಟಿಲಿನಂತೆ ನಿಲ್ಲುತ್ತದೆ. ಅದರ ಮುಖಕ್ಕೆ ಮರ ಅಥವಾ ಗುಡಿಸಲಿನ ಚಿತ್ರ ಅಂಟಿಸಿ. ಸೀಳಿನ ಉದ್ದ ಪುಟದ ಅಗಲದ ಅರ್ಧಕ್ಕಿಂತ ಕಡಿಮೆ ಇರಲೇಬೇಕು. ಕಾರ್ಡ್ ಮುಚ್ಚಿದಾಗ ಆ ಮೆಟ್ಟಿಲು ಮಡಿಕೆಯಿಂದ ಸೀಳಿನ ಎರಡರಷ್ಟು ದೂರಕ್ಕೆ ಚಾಚುತ್ತದೆ. ಎ6ನಲ್ಲಿ ಪುಟ 10.5 ಸೆಂ.ಮೀ. ಸೀಳು 4 ಸೆಂ.ಮೀ. ಇದ್ದರೆ ಕ್ಷೇಮ. 6 ಇದ್ದರೆ ಹೊರಗೆ ಇಣುಕುತ್ತದೆ. ಈ ಹಾಳೆಯನ್ನು ಹೊರ ಕಾರ್ಡಿಗೆ ಅಂಟಿಸುವಾಗ ಏಳುವ ಭಾಗದ ಹಿಂದೆ ಅಂಟು ತಾಗಬಾರದು.

ಕಾರ್ಡಿನ ಮೇಲೆ ದಾರದ ಹೊಲಿಗೆ ಹಾಕುವುದಕ್ಕೆ ಹೊತ್ತು ಬೇಕು, ಆದರೆ ಬೆರಳಿಗೆ ಸಿಗುವ ಆ ದಾರದ ಸ್ಪರ್ಶ ಬೇರೆ ಯಾವುದರಲ್ಲೂ ಇಲ್ಲ. ಮೊದಲು ಸೂಜಿಯಿಂದ ತೂತು ಮಾಡಿಕೊಳ್ಳಿ, ತೂತುಗಳ ನಡುವೆ ಅರ್ಧ ಸೆಂ.ಮೀ. ಇರಲಿ. ತೀರಾ ಹತ್ತಿರ ಹಾಕಿದರೆ ಕಾಗದ ಸೀಳುತ್ತದೆ. ಹಿಂದಿನ ಗಂಟುಗಳ ಮೇಲೆ ತೆಳ್ಳನೆಯ ಹಾಳೆ ಅಂಟಿಸಿ ಮುಚ್ಚಿ. ಕ್ವಿಲ್ಲಿಂಗ್, ಅಂದರೆ ಸಣ್ಣ ಕಾಗದದ ಪಟ್ಟಿ ಸುತ್ತಿ ಮಾಡುವ ಸುರುಳಿಗಳು ಸುಂದರ, ಆದರೆ ಎತ್ತರ ಜಾಸ್ತಿ. ಅಂಚೆಯಲ್ಲಿ ಅಪ್ಪಚ್ಚಿಯಾಗುತ್ತವೆ. ಕೈಗೆ ಕೊಡುವ ಕಾರ್ಡಿಗೆ ಮಾತ್ರ ಇಟ್ಟುಕೊಳ್ಳಿ.

ಗ್ಲಿಟರ್ ಬೇಡ ಎಂದೇ ನನ್ನ ಮಾತು. ಅದು ಸಣ್ಣ ಪ್ಲಾಸ್ಟಿಕ್ ಚೂರು. ಲಕೋಟೆ ತೆರೆದವರ ಮಡಿಲಿಗೆ ಉದುರುತ್ತದೆ. ಕಾರ್ಡ್ ಮರುಬಳಕೆಗೂ ಹೋಗುವುದಿಲ್ಲ. ಹೊಳಪು ಬೇಕಿದ್ದರೆ ಚಿನ್ನದ ಬಣ್ಣದ ಜೆಲ್ ಪೆನ್ನಿನಲ್ಲಿ ನಾಲ್ಕು ಚುಕ್ಕಿ ಇಟ್ಟರೆ ಸಾಕು.

ಲಕೋಟೆ: ಕೊಳ್ಳುವುದೋ, ಮಡಚುವುದೋ, ಮಾದರಿ ಹಿಡಿದು ಕತ್ತರಿಸುವುದೋ

ಇಪ್ಪತ್ತೈದಕ್ಕಿಂತ ಜಾಸ್ತಿ ಕಾರ್ಡ್ ಇದ್ದರೆ ಸರಳ ಲಕೋಟೆಗಳನ್ನು ಕೊಂಡುಬಿಡಿ. ಉಳಿದ ಸಮಯವನ್ನು ಕಾರ್ಡಿಗೆ ಕೊಡಿ. ಕೊಂಡ ಲಕೋಟೆಯನ್ನೂ ನಿಮ್ಮದಾಗಿ ಮಾಡುವ ಒಂದು ದಾರಿ ಇದೆ: ಒಳಪದರ. ಕಾರ್ಡಿಗೆ ಬಳಸಿದ ಕಾಗದದಿಂದಲೇ ಲಕೋಟೆಯ ಆಕಾರದ ತುಂಡು ಕತ್ತರಿಸಿ. ಅದು ಎರಡೂ ಬದಿಯಲ್ಲಿ ಮೂರು ಮಿಲಿಮೀಟರ್ ಕಡಿಮೆ ಇರಲಿ, ಮೇಲೆ ಅಂಟು ಇರುವ ಅಂಚಿಗಿಂತ ಕೆಳಗೆ ನಿಲ್ಲಲಿ. ಒಳಗೆ ಜಾರಿಸಿ, ಮುಚ್ಚುವ ರೆಕ್ಕೆಯ ಭಾಗಕ್ಕೆ ಮಾತ್ರ ಅಂಟು ಹಚ್ಚಿ, ಕೂಡಲೇ ರೆಕ್ಕೆಯನ್ನು ಒಮ್ಮೆ ಮಡಚಿ. ಕೆಳಗಿನ ಭಾಗವನ್ನು ಸುಮ್ನೆ ಬಿಡಿ. ಪೂರ್ತಿ ಅಂಟಿಸಿದರೆ ಮಡಚುವಾಗ ಒಳಗಿನ ಕಾಗದ ಸುಕ್ಕಾಗುತ್ತದೆ. ಹೊರಗೆ ಸಾದಾ, ತೆರೆದರೆ ಬಣ್ಣ. ತೆರೆದವರ ಮುಖ ನೋಡಬೇಕು ಅನ್ನಿಸುವಷ್ಟು ಚೆಂದ ಇರುತ್ತದೆ.

ಚೌಕ ಹಾಳೆಯಿಂದ ಮಡಚುವ ಲಕೋಟೆಗೆ ಮಾದರಿ ಬೇಡ, ಲೆಕ್ಕ ಮಾತ್ರ ಬೇಕು. ಚೌಕವನ್ನು ವಜ್ರದಂತೆ ಮೂಲೆ ಮೇಲಾಗಿ ಇಡಿ. ಮಧ್ಯದಲ್ಲಿ ಕಾರ್ಡ್ ಇಟ್ಟು ಎಡ, ಬಲ, ಕೆಳಗಿನ ಮೂಲೆಗಳನ್ನು ಒಳಕ್ಕೆ ಮಡಚಿ. ಮೇಲಿನ ಮೂಲೆಯೇ ಮುಚ್ಚಳ. ಕಾರ್ಡ್ ಸಲೀಸಾಗಿ ಹೋಗಲು ಉದ್ದಕ್ಕೂ ಅಗಲಕ್ಕೂ 6 ಮಿ.ಮೀ. ಸೇರಿಸಿ, ಎರಡನ್ನೂ ಕೂಡಿ. ಬಂದ ಮೊತ್ತ ಚೌಕದ ಕರ್ಣಕ್ಕಿಂತ ಕಡಿಮೆ ಇರಬೇಕು. ಎ4 ಹಾಳೆಯಿಂದ ಸಿಗುವ ದೊಡ್ಡ ಚೌಕ 21 ಸೆಂ.ಮೀ.ನದು. ಅದರ ಕರ್ಣ ಎಷ್ಟು ಗೊತ್ತೇ? 29.7 ಸೆಂ.ಮೀ., ಎ4 ಹಾಳೆಯ ಉದ್ದವೇ. ಹಾಗಾಗಿ ಅಳೆಯುವ ಕೆಲಸವೂ ಇಲ್ಲ.

ಈಗ ಹೋಲಿಸಿ ನೋಡಿ. ಎ6 ಕಾರ್ಡಿಗೆ 15.4 ಮತ್ತು 11.1 ಸೇರಿ 26.5. ಆರಾಮಾಗಿ ಆಗುತ್ತದೆ. ಎಡ ಬಲದ ತುದಿಗಳ ನಡುವೆ ಒಂದು ಸೆಂ.ಮೀ. ಬಿಡುವು ಉಳಿದರೂ ಕೆಳಗಿನ ರೆಕ್ಕೆ ಅದನ್ನು ಮುಚ್ಚುತ್ತದೆ. 13 ಸೆಂ.ಮೀ. ಚೌಕ ಕಾರ್ಡಿಗೆ 27.2. ಆಗುತ್ತದೆ, ಆದರೆ ರೆಕ್ಕೆಗಳು ಒಂದರ ಮೇಲೊಂದು ಕೂರುವುದು ಎರಡೂವರೆ ಸೆಂ.ಮೀ. ಮಾತ್ರ. 15 ಸೆಂ.ಮೀ. ಚೌಕಕ್ಕೆ 31.2, ಉದ್ದ ಕಾರ್ಡಿಗೆ 32.1. ಇವೆರಡಕ್ಕೂ ಎ4 ಸಾಲದು, ದೊಡ್ಡ ಹಾಳೆಯೇ ಬೇಕು. ಲಕೋಟೆಗೆ 100 ಜಿಎಸ್‌ಎಂ ಆಸುಪಾಸಿನ ಹಾಳೆ ಒಳ್ಳೆಯದು. 80ರಲ್ಲಿ ಒಳಗಿನ ಕಾರ್ಡ್ ಹೊರಗೆ ಕಾಣುತ್ತದೆ. 140 ದಾಟಿದರೆ ಮೂಲೆಗಳು ದಪ್ಪವಾಗಿ ಮುಚ್ಚಳ ಮೇಲೇಳುತ್ತದೆ.

ಮೂರನೆಯ ದಾರಿಯಲ್ಲಿ ಸಿದ್ಧ ಲಕೋಟೆಯೊಂದನ್ನು ಉಗಿಗೆ ಹಿಡಿದು ಅಂಟು ಬಿಡಿಸಬೇಕು. ಅದನ್ನು ಬಿಡಿಸಿ ಹರಡಿ, ಗಟ್ಟಿ ರಟ್ಟಿನ ಮೇಲೆ ಅದರ ಆಕಾರ ಗೀಚಿ ಕತ್ತರಿಸಿಕೊಳ್ಳಿ. ಒಮ್ಮೆ ಮಾಡಿಟ್ಟ ರಟ್ಟು ಎಷ್ಟೋ ವರ್ಷ ಬರುತ್ತದೆ. ಹೀಗೆ ಮಾಡಿದ ಲಕೋಟೆ ಚೌಕದಿಂದ ಮಡಚಿದ್ದಕ್ಕಿಂತ ಗಟ್ಟಿ, ಹಿಂಬದಿಯೂ ನುಣುಪು. ಕಾರ್ಡಿನ ಮೇಲೆ ಎತ್ತರದ ಅಲಂಕಾರ ಇದ್ದರೆ ಇದೇ ಸರಿಯಾದ ಆಯ್ಕೆ. ಪ್ರತಿ ಮಡಿಕೆಗೂ ಒಂದರ ಬದಲು 3 ಮಿ.ಮೀ. ಅಂತರದಲ್ಲಿ ಎರಡು ಗೆರೆ ಎಳೆದರೆ ಲಕೋಟೆಗೆ ಪುಟ್ಟ ಪೆಟ್ಟಿಗೆಯಂತೆ ಹೊಟ್ಟೆ ಬರುತ್ತದೆ. ಚೌಕದ ಲಕೋಟೆಯಲ್ಲಿ ಇದು ಅಷ್ಟು ಸುಲಭವಲ್ಲ.

ಬಣ್ಣದ ಜೋಡಿಯ ವಿಷಯದಲ್ಲಿ ಒಂದು ಮಾತು. ಕಡು ಕೆಂಪು, ಕಡು ಹಸಿರು ಲಕೋಟೆಯ ಮೇಲೆ ವಿಳಾಸ ಸರಿಯಾಗಿ ಕಾಣುವುದಿಲ್ಲ. ಓದುವ ಯಂತ್ರಕ್ಕೂ ಕಷ್ಟ, ಓದುವ ಕಣ್ಣಿಗೂ ಕಷ್ಟ. ಬಿಳಿ ಚೀಟಿ ಅಂಟಿಸಿ ಅದರ ಮೇಲೆ ಬರೆಯಿರಿ. ಇಲ್ಲವೇ ಗಾಢ ಬಣ್ಣವನ್ನು ಒಳಪದರಕ್ಕೆ ಇಟ್ಟು, ಹೊರಗೆ ಬಿಳಿ ಅಥವಾ ಕಂದು ಕಾಗದ ಬಳಸಿ. ಅಚ್ಚಿನ ಹಕ್ಕಿಯನ್ನು ಹಿಂದಿನ ಮುಚ್ಚಳದ ಮೇಲೆ ಒತ್ತಿ. ಮುಂದಿನ ಕೆಳಭಾಗ ಖಾಲಿ ಇರಲಿ.

ಅಂಟು

ಬಿಳಿ ಅಂಟಿನಲ್ಲಿ ನೀರಿನಂಶ ಜಾಸ್ತಿ, ತೆಳ್ಳನೆಯ ಕಾಗದ ಸುಕ್ಕಾಗುತ್ತದೆ. ಅದನ್ನು ದಾರ, ಗುಂಡಿ, ಬಟ್ಟೆಯ ಚೂರಿಗೆ ಇಟ್ಟುಕೊಳ್ಳಿ. ಕಾಗದದ ಮೇಲೆ ಕಾಗದಕ್ಕೆ ಗ್ಲೂ ಸ್ಟಿಕ್. ಎರಡೂ ಕಡೆ ಅಂಟುವ ಟೇಪ್ ಸ್ವಚ್ಛ, ಸುಕ್ಕಿಲ್ಲ, ಆದರೆ ಒಮ್ಮೆ ಕೂತರೆ ಕದಲುವುದಿಲ್ಲ. ಲಕೋಟೆಯ ಮುಚ್ಚಳಕ್ಕೆ ಈ ಟೇಪೇ ಉತ್ತಮ. ಒಂದು ಪಟ್ಟಿ ಹಚ್ಚಿಟ್ಟು, ಮುಚ್ಚುವಾಗ ಮೇಲಿನ ಕಾಗದ ಕಿತ್ತರೆ ಆಯಿತು.

ಒಳಗಿನ ಮಾತನ್ನು ಕಾರ್ಡ್ ಚಪ್ಪಟೆ ಇರುವಾಗಲೇ ಬರೆದುಬಿಡಿ. ಮುಂದೆ ದಾರವೋ ಎತ್ತರದ ಚೂರೋ ಕೂತ ಮೇಲೆ ಬರೆದರೆ ಪೆನ್ನು ಎಡವುತ್ತದೆ. ಕಡು ಬಣ್ಣದ ಕಾರ್ಡ್ ಆದರೆ ಒಳಗೆ ಬಿಳಿ ಹಾಳೆಯೊಂದನ್ನು ಮಡಚಿ, ಮಡಿಕೆಯ ಹತ್ತಿರ ಮಾತ್ರ ತೆಳ್ಳಗೆ ಅಂಟಿಸಿ. ಬರವಣಿಗೆ ಕೆಟ್ಟರೆ ಹಾಳೆಯನ್ನಷ್ಟೇ ಬದಲಿಸಬಹುದು. ಅಂಟಿಸಿದ ಕಾರ್ಡನ್ನು ಅದೇ ದಿನ ಲಕೋಟೆಗೆ ಹಾಕಬೇಡಿ. ಒಂದು ರಾತ್ರಿ ಪುಸ್ತಕದ ಕೆಳಗೆ ಇದ್ದರೆ ತೇವ ಆರುತ್ತದೆ, ಬಾಗಿದ್ದು ನೇರವಾಗುತ್ತದೆ. ಬೆಳಿಗ್ಗೆ ಎದ್ದು ಒಂದೊಂದಾಗಿ ಲಕೋಟೆಗೆ ಸೇರಿಸಿ.